ಹುನಗುಂದದ ಉಬ್ಬರವಿಳಿತ

ಹುನಗುಂದಕ್ಕೆ ಹತ್ತಿರದ ಸಮುದ್ರವೆಂದರೆ ಕಾರವಾರದ ಕಡೆಯದು. ನಕ್ಷೆಯ ಮೇಲೆ ಪಟ್ಟಿ ಇಟ್ಟು ಅಳೆದರೆ ಸುಮಾರು ಇನ್ನೂರೈವತ್ತು ಕಿಲೊಮೀಟರ್. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಊರು ಸಮುದ್ರಮಟ್ಟಕ್ಕಿಂತ ಒಂದೂವರೆ ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಹೀಗಿದ್ದರೂ 1985ರ ನವೆಂಬರ್ 18ರಿಂದ 26ರವರೆಗೆ, ಒಟ್ಟು ಒಂಬತ್ತು ದಿನ, ಹುನಗುಂದ ಮತ್ತು ಇಳಕಲ್ಲಿನ ನಡುವೆ ಸಮುದ್ರದ ಉಬ್ಬರವಿಳಿತ ನಡೆಯಿತು. ಉಪಗ್ರಹ ಅದನ್ನು ಕಂಡಿತು. ಡಾಕ್ಟರೇಟ್ ಪಡೆದ ವಿಜ್ಞಾನಿಯೊಬ್ಬರು ಅದರ ಗೆರೆ ಎಳೆದರು. ಸಾಮಾನ್ಯವಾಗಿ ಇಂಥದ್ದಕ್ಕೆ ಕಾರಣ ಚಂದ್ರ. ಈ ಸಲದ ಕಾರಣ ಅಮಾತೆಪ್ಪ.

ಅಮಾತೆಪ್ಪ ಹುನಗುಂದದ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್. ಹಂಗಾಮಿ ಎಂದರೆ ಸ್ವಲ್ಪ ಕಾಲದ ಮಟ್ಟಿಗೆ ಎಂದು ನಿಘಂಟು ಹೇಳುತ್ತದೆ. ಅವನ ವಿಷಯದಲ್ಲಿ ಆ ಸ್ವಲ್ಪ ಕಾಲ ಹನ್ನೊಂದು ವರ್ಷವಾಗಿತ್ತು. ಈಗ ಅವನನ್ನು ಕಾಯಂ ಮಾಡುವ ಕಾಗದ ಕಡೆಗೂ ಮೇಲಿನಿಂದ ಬಂದಿತ್ತು. ಎರಡು ಕೆಲಸ ಮಾತ್ರ ಬಾಕಿ. ಅವನ ನಡತೆ ಉತ್ತಮವಾಗಿದೆ ಎಂದು ಪೊಲೀಸರು ಬರೆದುಕೊಡಬೇಕು. ಡಿಸೆಂಬರ್ 31ರೊಳಗೆ ಸಾಹೇಬರು ಸಹಿ ಮಾಡಬೇಕು. ತಪ್ಪಿದರೆ ಮಂಜೂರಾದ ಹುದ್ದೆ ರದ್ದು, ಅಮಾತೆಪ್ಪ ಮತ್ತೆ ಹಂಗಾಮಿ.

ಹೀಗೆ ಉಸಿರು ಬಿಗಿಹಿಡಿದು ಓಡಾಡುತ್ತಿದ್ದ ಮನುಷ್ಯನ ಮನೆಯ ಮುಂದೆ ನವೆಂಬರ್ 17ರ ಭಾನುವಾರ ಒಂದು ಲಾರಿ ನಿಂತಿತು. ಅದರಿಂದ ಇಳಿದವನು ಅವನ ಹೆಂಡತಿಯ ತಮ್ಮ ಅಮಸಿದ್ದಪ್ಪ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಮಂಗಳೂರು ಬಂದರಿಗೆ ಒಯ್ಯುವುದು ಅವನ ಕೆಲಸ. ಕೈಯಲ್ಲಿ ಎರಡು ಕಲ್ಲಂಗಡಿ ಸೇರಿಸಿದಷ್ಟು ದಪ್ಪದ ಒಂದು ಹಳದಿ ಗುಂಡು ಇತ್ತು. ನೆತ್ತಿಯ ಮೇಲೆ ಗೇಣುದ್ದದ ಕಡ್ಡಿ, ಬುಡದಲ್ಲಿ ಹರಿದ ಹಗ್ಗದ ತುಂಡು.

"ಅಕ್ಕಾ, ನಿನಗ ತಂದೇನಿ ನೋಡು," ಎಂದ ಅವನು. "ಅಂಕೋಲಾದಾಗ ಮೀನ ಹಿಡಿಯಾವ್ರ ಬಲಿಯಾಗ ಸಿಕ್ಕಿತ್ತಂತ. ಒಂದು ಚೀಲ ಉಳ್ಳಾಗಡ್ಡಿ ಕೊಟ್ಟು ತೊಗೊಂಡೆ. ನಿಮ್ಮ ಬೆಳಕಿಂಡಿಗೆ ಹೇಳಿ ಮಾಡಿಸಿದಂಗೈತಿ."

ಬೆಳಕಿಂಡಿ ಎಂದರೆ ಈ ಕಡೆಯ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ತೂತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದರ ಮೇಲೆ ಬುಟ್ಟಿಯನ್ನೋ ಡಬ್ಬಿಯನ್ನೋ ಬೋರಲು ಹಾಕಬೇಕು. ಅಮಸಿದ್ದಪ್ಪ ಮಾಳಿಗೆ ಹತ್ತಿ ಗುಂಡನ್ನು ತೂತಿನ ಮೇಲೆ ಕೂರಿಸಿದ. ಸರಿಯಾಗಿ ಕೂತಿತು. ಚಹಾ ಕುಡಿದು, ಇಳಕಲ್ಲಿಗೆ ಹೋಗಿ ಕಲ್ಲು ಹೇರಿಕೊಂಡು ಅಂದೇ ಮತ್ತೆ ಬಂದರಿನ ದಾರಿ ಹಿಡಿದ. ಇನ್ನು ಹತ್ತು ದಿನ ಅವನು ಸಿಗುವುದಿಲ್ಲ.

ಎದುರು ಮನೆಯ ಕಾಸಿಂಬಿ ಮಾಳಿಗೆಯಿಂದಲೇ ಕೇಳಿದಳು: "ಅಣ್ಣಾರ, ಏನ್ರಿ ಅದು? ಮ್ಯಾಲ ಇಂಗ್ಲೀಷಿನ್ಯಾಗ ಬರದೈತಲ್ಲ!"

ಅಮಾತೆಪ್ಪ ಕತ್ತು ಚಾಚಿ ನೋಡಿದ. ದೊಡ್ಡ ಅಕ್ಷರದ ಮೊದಲ ಸಾಲು ಮಾತ್ರ ಕಂಡಿತು: ಭಾರತ ಸರ್ಕಾರ. ಇಲ್ಲಿ ಅವನು "ಗೊತ್ತಿಲ್ಲ" ಎಂದಿದ್ದರೆ ಈ ಕಥೆ ಮುಂದುವರಿಯುತ್ತಿರಲಿಲ್ಲ.

"ಸರಕಾರದ್ದು," ಎಂದ. "ಕಾಯಂ ಆಗಾವ್ರಿಗೆ ಮೊದಲ ಕೊಟ್ಟಿರ್ತಾರ."

"ಯಾತಕ್ಕರಿ?"

"ಅದನ್ನ ಹೇಳಂಗಿಲ್ಲ."

ಅರ್ಧ ತಾಸಿನಲ್ಲಿ ಓಣಿಯ ಇಪ್ಪತ್ತು ಮಂದಿ ಕತ್ತೆತ್ತಿ ನೋಡಿ ಹೋದರು. ಸಂಜೆ ಅಮಾತೆಪ್ಪ ತಾನೂ ಮಾಳಿಗೆ ಹತ್ತಿ, ಕನ್ನಡಕ ಹಾಕಿಕೊಂಡು, ಉಳಿದ ಸಾಲುಗಳನ್ನು ಓದಿದ. ಇಂಗ್ಲಿಷ್ ಟೈಪಿಸ್ಟನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಆ ಕ್ಷಣ ಬರದಿದ್ದರೆ ಚೆನ್ನಾಗಿತ್ತು. ಇದು ಸರ್ಕಾರದ ವೈಜ್ಞಾನಿಕ ಉಪಕರಣ. ತೆರೆಯುವುದು, ಇಟ್ಟುಕೊಳ್ಳುವುದು ಅಪರಾಧ. ಸಿಕ್ಕವರು ಕೂಡಲೇ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸತಕ್ಕದ್ದು.

ಹತ್ತಿರದ ಪೊಲೀಸ್ ಠಾಣೆಯಲ್ಲಿ ಹವಾಲ್ದಾರ ಮುರ್ತುಜಸಾಬರ ಮೇಜಿನ ಮೇಲೆ ಅಮಾತೆಪ್ಪನ ನಡತೆಯ ಕಡತ ಇತ್ತು.

ಅವನು ಕೆಳಗಿಳಿದು ಬಂದಾಗ ಹೆಂಡತಿ ಗುರುಸಿದ್ದವ್ವ ಅವನ ಮುಖ ನೋಡಿ ನೀರು ತಂದಳು.

"ಠಾಣೆಕ್ಕ ಕೊಟ್ಟು ಬರ್ರಿ," ಎಂದಳು.

"ಏನಂತ ಕೊಡ್ಲಿ? 'ನನಗ ಸರಕಾರ ಕೊಟ್ಟೈತಿ' ಅಂತ ಓಣಿಗೆಲ್ಲಾ ಹೇಳೇನಿ. ಈಗ 'ಸಿಕ್ಕಿತ್ತು' ಅಂದ್ರ ಸುಳ್ಳ ಹೇಳಾಂವ ಅಂತ ಬರೀತಾರ. ಸುಮ್ನ ಇಟಗೊಂಡ್ರ ಕಳ್ಳ ಅಂತ ಬರೀತಾರ."

"ಹಂಗಾರ ಭಾಂವಿಗೆ ಒಗೀರಿ."

ಅಮಾತೆಪ್ಪ ಈ ಸಲಹೆಯನ್ನು ಗಂಭೀರವಾಗಿ ಪರಿಶೀಲಿಸಿದ. ಆದರೆ ಬಾವಿಗೆ ಹಾಕಿದರೆ ಗುಂಡು ತೇಲುತ್ತದೆ. ಅದರ ಕೆಲಸವೇ ಅದು.

ಉಳಿದದ್ದು ಒಂದೇ ದಾರಿ. ಬಂದಲ್ಲಿಗೆ, ಅಂದರೆ ಇಳಕಲ್ಲಿನಲ್ಲಿರುವ ಅತ್ತೆಯ ಮನೆಗೆ, ವಾಪಸ್ ಕಳಿಸುವುದು. ಇದಕ್ಕೆ ಗುರುಸಿದ್ದವ್ವ ಕೆಂಡವಾದಳು. "ತವರಮನಿಯವ್ರು ಕೊಟ್ಟದ್ದನ್ನ ತಿರಗಿ ಕಳಸ್ತಾರೇನ್ರಿ? ನಮ್ಮವ್ವ ಏನ ತಿಳಕೋಬೇಕು? ನನ್ನ ಕಡಿಂದ ಆಗೂದಿಲ್ಲ." ಬಹಳ ಹೊತ್ತು ವಾದ ನಡೆದ ಮೇಲೆ ಒಂದು ಒಪ್ಪಂದವಾಯಿತು. ಗುಂಡನ್ನು ಗುಂಡಾಗಿ ಕಳಿಸುವುದಿಲ್ಲ. ದೊಡ್ಡ ಬಿದಿರಿನ ಬುಟ್ಟಿಯ ತಳದಲ್ಲಿ ಇಟ್ಟು, ಮೇಲೆ ರೊಟ್ಟಿ ಜೋಡಿಸಿ, ಬಟ್ಟೆ ಕಟ್ಟಿ, ಬುತ್ತಿಯಾಗಿ ಕಳಿಸುವುದು. ಅವ್ವ ರೊಟ್ಟಿ ತೆಗೆದಾಗ ಗುಂಡು ಕಾಣುತ್ತದೆ, ಅರ್ಥ ಮಾಡಿಕೊಳ್ಳುತ್ತಾಳೆ, ಇಟ್ಟುಕೊಳ್ಳುತ್ತಾಳೆ.

ಸೋಮವಾರ ಬೆಳಗಿನ ಆರು ಗಂಟೆಗೆ ರಾಜಮಹ್ಮದನ ಟೆಂಪೊದ ತಲೆಯ ಮೇಲೆ ಬುಟ್ಟಿ ಇಳಕಲ್ಲಿಗೆ ಹೊರಟಿತು. ಹತ್ತು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಭಾರತ ಸರ್ಕಾರ.

ಇಳಕಲ್ಲಿನಲ್ಲಿ ಅತ್ತೆ ಸತ್ಯವ್ವ ರೊಟ್ಟಿ ತೆಗೆದಳು, ಗುಂಡು ನೋಡಿದಳು, ಅರ್ಥವನ್ನೂ ಮಾಡಿಕೊಂಡಳು. ಅವಳು ಮಾಡಿಕೊಂಡ ಅರ್ಥ ಹೀಗಿತ್ತು: ಮಗ ಪ್ರೀತಿಯಿಂದ ಕೊಟ್ಟದ್ದನ್ನು ಅಳಿಯ ತಿರುಗಿ ಕಳಿಸಿದ್ದಾನೆ, ಕಾಯಂ ಆಗುತ್ತಾನಲ್ಲ, ಸೊಕ್ಕು ಬಂದಿದೆ. ಈ ಬಗ್ಗೆ ಒಂದು ಮಾತು ಆಡಿದರೂ ಬೀಗತನ ಕೆಡುತ್ತದೆ. ಆದ್ದರಿಂದ ಮಾತು ಆಡಬಾರದು. ಕೊಟ್ಟದ್ದು ಕೊಟ್ಟಲ್ಲಿಗೇ ಹೋಗಬೇಕು. ಅದೂ ಅಲ್ಲದೆ ಬುತ್ತಿ ಬಂದ ಬುಟ್ಟಿಯನ್ನು ಬರಿದಾಗಿ ಕಳಿಸುವ ಮನೆತನ ಅವಳದ್ದಲ್ಲ. ಬಂದಷ್ಟೇ ಕಳಿಸುವುದೂ ಅಲ್ಲ. ಬಂದದ್ದಕ್ಕಿಂತ ಒಂದು ಕೈ ಮುಂದಿರಬೇಕು. ಹನ್ನೊಂದೂವರೆಗೆ ಟೆಂಪೊ ತಿರುಗಿ ಬಂದಾಗ ಬುಟ್ಟಿಯಲ್ಲಿ ಹನ್ನೆರಡು ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಕೆಂಪು ಚಟ್ನಿ. ಕೆಳಗೆ ಗುಂಡು.

ಸಂಜೆ ಕಚೇರಿಯಿಂದ ಬಂದ ಅಮಾತೆಪ್ಪ ಬುಟ್ಟಿಯೊಳಗೆ ಬಗ್ಗಿ ನೋಡಿ ಅಲ್ಲೇ ಕೂತ.

"ಯಾಕ ಕಳಿಸ್ಯಾರ?"

"ನನಗೇನ ಗೊತ್ತು? ಪಲ್ಯಾ ಮಾತ್ರ ಭಾಳ ಛೊಲೊ ಮಾಡ್ಯಾಳ. ನಾಳೆ ನಾವು ಕರ್ಚಿಕಾಯಿ ಮಾಡ್ಬೇಕು."

"ಕರ್ಚಿಕಾಯಿ ಬಿಡು. ಗುಂಡು ಹೋಗ್ಬೇಕು!"

"ಬರೇ ಗುಂಡು ಹೆಂಗ ಹೋಗ್ತೈತ್ರಿ?"

ಮಂಗಳವಾರ ಕರ್ಚಿಕಾಯಿ ಹೋಯಿತು, ಶೇಂಗಾ ಹೋಳಿಗೆ ಬಂತು. ಬುಧವಾರ ಮಾದಲಿ ಹೋಯಿತು, ಎಣ್ಣೆ ಹೋಳಿಗೆ ಬಂತು. ಯಾವುದನ್ನೂ ಕೈಬಿಡುವಂತಿಲ್ಲ, ಹಿಂದಿನ ದಿನದ್ದೆಲ್ಲ ಇರಬೇಕು, ಮೇಲೊಂದು ಹೊಸದಿರಬೇಕು. ಹೀಗಾಗಿ ಪ್ರತಿದಿನ ಒಂದು ಪದಾರ್ಥ ಹೆಚ್ಚುತ್ತ ಹೋಯಿತು. ಪದಾರ್ಥ ಹೆಚ್ಚಿದಂತೆ ಬುಟ್ಟಿ ಹೊರಡುವ ವೇಳೆ ಮುಂದಕ್ಕೆ ಹೋಯಿತು. ಸೋಮವಾರ ಆರು ಗಂಟೆಗೆ ಹೊರಟದ್ದು ಮಂಗಳವಾರ ಏಳಕ್ಕೆ ಹತ್ತು ನಿಮಿಷ ಇರುವಾಗ ಹೊರಟಿತು, ಬುಧವಾರ ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗ. ಇಳಕಲ್ಲಿನ ಒಲೆಯೂ ಅಷ್ಟಷ್ಟೇ ತಡವಾಗುತ್ತಿತ್ತು. ತಾಯಿ ಮಗಳ ಕೈಯಳತೆ ಒಂದೇ. ಎರಡು ಮನೆಯಲ್ಲೂ ಗುಂಡಿನ ಬಗ್ಗೆ ಯಾರೂ ಯಾರಿಗೂ ಒಂದಕ್ಷರ ಬರೆಯಲಿಲ್ಲ, ಹೇಳಿ ಕಳಿಸಲಿಲ್ಲ.

ಓಣಿಯಲ್ಲಿ ಇದರ ಪರಿಣಾಮ ಬೇರೆಯಾಯಿತು. "ತವರಮನಿ ಅಂದ್ರ ಗುರುಸಿದ್ದಕ್ಕಂದು," ಎಂದು ಹೆಂಗಸರು ಗಂಡಂದಿರಿಗೆ ಕೇಳುವಂತೆ ಹೇಳತೊಡಗಿದರು. ರಾಜಮಹ್ಮದ ದಾರಿಯಲ್ಲಿ ಎರಡು ಹೋಳಿಗೆ ಸುಂಕ ಹಿಡಿಯುತ್ತಿದ್ದ. ಕಾಸಿಂಬಿ ಮಾಳಿಗೆಯಿಂದ ಕೇಳಿದಳು: "ಅಣ್ಣಾರ, ಸರಕಾರದ್ದು ಗುಂಡು ಕಾಣವಲ್ದಲ್ಲ?"

"ಡ್ಯೂಟಿ ಮ್ಯಾಲ ಐತಿ," ಎಂದ ಅಮಾತೆಪ್ಪ. ಅವನು ಆ ವಾರ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ.

ಅವನಿಗೆ ಊಟ ಸೇರಲಿಲ್ಲ. ಎರಡೂ ಕಡೆಯ ಹೋಳಿಗೆ ಮನೆಯಲ್ಲಿ ರಾಶಿ ಬಿದ್ದಿರುವಾಗ ಊಟ ಸೇರದಿರುವುದು ಎಂಥ ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಕಚೇರಿಯಲ್ಲಿ ಖಾಕಿ ಬಟ್ಟೆ ಕಂಡರೆ ಎದ್ದು ನಿಲ್ಲುತ್ತಿದ್ದ. ಎರಡು ಸಲ ಅಂಚೆಯವನಿಗೂ ನಿಂತ.

ಅತ್ತ ಕಾರವಾರದ ಹತ್ತಿರದ ಒಂದು ಕಡಲ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ಕೇಣಿ ಎಂಬ ತರುಣ ವಿಜ್ಞಾನಿಗೂ ಊಟ ಸೇರುತ್ತಿರಲಿಲ್ಲ. ದಂಡೆಯ ಬಳಿ ಉಬ್ಬರವಿಳಿತದ ಸೆಳವು ಎಷ್ಟು ಜೋರು, ಯಾವ ಕಡೆಗೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕಾಗಿ ತೇಲುಗುಂಡನ್ನು ಸಮುದ್ರಕ್ಕೆ ಬಿಡುತ್ತಾರೆ. ಬುಡಕ್ಕೆ ನೀರಿನೊಳಗೆ ಇಳಿಬಿದ್ದ ಒಂದು ಪರದೆ ಕಟ್ಟಿರುತ್ತದೆ; ಇದರಿಂದ ಗುಂಡು ಗಾಳಿಯ ಮಾತು ಕೇಳದೆ ನೀರಿನ ಜೊತೆಗೇ ಹೋಗುತ್ತದೆ. ಗುಂಡು ಆಗಾಗ ಸಂಕೇತ ಕಳಿಸುತ್ತದೆ. ಉಪಗ್ರಹ ಮೇಲೆ ಹಾಯುವಾಗ, ದಿನಕ್ಕೆ ಆರೇಳು ಸಲ, ಅದನ್ನು ಹಿಡಿಯುತ್ತದೆ. ವಿದೇಶದ ಒಂದು ಗಣಕ ಕೇಂದ್ರ ಲೆಕ್ಕ ಹಾಕಿ ಗುಂಡು ಎಲ್ಲಿದೆ ಎಂದು ಟೆಲೆಕ್ಸ್ ಮಾಡುತ್ತದೆ.

ಈ ಟೆಲೆಕ್ಸಿನ ಪ್ರಕಾರ ಕೇಣಿಯವರ ಗುಂಡು ನವೆಂಬರ್ 16ರಂದು ಸಮುದ್ರ ಬಿಟ್ಟು, ಲಾರಿಯ ವೇಗದಲ್ಲಿ ಘಟ್ಟ ಹತ್ತಿ, ಬಯಲುಸೀಮೆಗೆ ಹೋಗಿತ್ತು. ಕೇಣಿ ಸಮಾಧಾನದಿಂದ ಯೋಚಿಸಿದರು. ಸಮುದ್ರದಲ್ಲಿ ಬಿಟ್ಟ ಗುಂಡು ಸಮುದ್ರದಲ್ಲಿಯೇ ಇರಬೇಕು. ಹಾಗಾದರೆ ಲೆಕ್ಕ ತಪ್ಪಿದೆ. ಎಷ್ಟು ತಪ್ಪಿದೆಯೋ ಅಷ್ಟನ್ನು ಕಳೆದು, ಚುಕ್ಕೆಗಳನ್ನೆಲ್ಲ ಎಳೆದು ತಂದು ಕಾರವಾರದ ನೀರಿನಲ್ಲಿ ಇಟ್ಟರು. ಇಟ್ಟ ಮೇಲೆ ಮೈ ಜುಂ ಎಂದಿತು. ಗುಂಡು ದಿನಕ್ಕೊಂದು ಸಲ ಹದಿಮೂರು ಕಿಲೊಮೀಟರ್ ಹೋಗಿ, ಅಷ್ಟೇ ಸರಿಯಾಗಿ ತಿರುಗಿ ಬರುತ್ತಿತ್ತು. ಪ್ರತಿದಿನ ಐವತ್ತು ನಿಮಿಷ ತಡವಾಗಿ! ಚಂದ್ರ ದಿನಕ್ಕೆ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಉಬ್ಬರವೂ ಅವನ ಹಿಂದೆ ಅಷ್ಟೇ ತಡವಾಗಿ ಬರುತ್ತದೆ. ಆದರೆ ಆ ದಂಡೆಯಲ್ಲಿ ದಿನಕ್ಕೆ ಎರಡು ಉಬ್ಬರ. ಇಲ್ಲಿ ಒಂದೇ. ಇದು ಹೊಸದು! ಕೇಣಿ ವರದಿ ಬರೆದು ಮೇಲಿನವರಿಗೆ ಕಳಿಸಿದರು. ಮೇಲಿನವರು ಸಂತೋಷಪಟ್ಟು ಅದನ್ನು ಒಂದು ಸಭೆಯಲ್ಲಿ ಓದಿಯೂ ಬಿಟ್ಟರು.

ಬಳಿಕ ಕೇಣಿ ವಿದೇಶದ ಕೇಂದ್ರಕ್ಕೆ, "ನಿಮ್ಮ ಲೆಕ್ಕ ತಿದ್ದಿಕೊಳ್ಳಿ" ಎಂದು ಟೆಲೆಕ್ಸ್ ಮಾಡಿದರು. ಉತ್ತರ ಎರಡೇ ಸಾಲಿನದು: "ನಮ್ಮ ಲೆಕ್ಕ ಸರಿಯಾಗಿದೆ. ದಯವಿಟ್ಟು ನಿಮ್ಮ ಸಮುದ್ರ ಎಲ್ಲಿದೆ ಎಂದು ನೋಡಿಕೊಳ್ಳಿ."

ನವೆಂಬರ್ 26ರ ಮಂಗಳವಾರ ಸಂಜೆ ಆರೂವರೆಯ ಸುಮಾರಿಗೆ ಅಮಾತೆಪ್ಪನ ಮನೆಯ ಮುಂದೆ ಒಂದು ಸರ್ಕಾರಿ ಜೀಪು ನಿಂತಿತು. ಕೊರಳಲ್ಲಿ ಗುಂಡಿನ ಸಂಕೇತ ಹಿಡಿಯುವ ರೇಡಿಯೊದಂಥ ಪೆಟ್ಟಿಗೆ, ಕಿವಿಯ ಮೇಲೆ ಎರಡು ಬಟ್ಟಲು ಹಾಕಿಕೊಂಡ ಕೇಣಿ ಇಳಿದರು. ಪೆಟ್ಟಿಗೆ ಸುಮ್ಮನಿತ್ತು; ಹಳದಿ ಗುಂಡಿನ ಬಗ್ಗೆ ಊರಲ್ಲಿ ವಿಚಾರಿಸಿದಾಗ ಜನ ಈ ಮನೆ ತೋರಿಸಿದ್ದರು.

"ಇಲ್ಲಿ ಸಮುದ್ರದ ಒಂದು ವಸ್ತು ಇದೆಯೇ?" ಎಂದು ವಿನಯದಿಂದ ಕೇಳಿದರು.

"ಇಲ್ರಿ," ಎಂದ ಅಮಾತೆಪ್ಪ. ಬುಟ್ಟಿ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಇಳಕಲ್ಲಿಗೆ ಹೋಗಿತ್ತು. ಒಂಬತ್ತು ದಿನದಲ್ಲಿ ಮೊದಲ ಸಲ ಅವನಿಗೆ ತನ್ನ ಅದೃಷ್ಟದ ಮೇಲೆ ನಂಬಿಕೆ ಬಂತು. ಅದು ಸುಮಾರು ಒಂದು ನಿಮಿಷ ಇತ್ತು.

ಓಣಿಯ ತಿರುವಿನಲ್ಲಿ ಟೆಂಪೊ ನಿಂತಿತು. ಅದರಿಂದ ಬುಟ್ಟಿಯನ್ನು ಹೆಗಲ ಮೇಲೆ ಹೊತ್ತು ಇಳಿದವರು ಹವಾಲ್ದಾರ ಮುರ್ತುಜಸಾಬ. ಕೆಲಸದ ಮೇಲೆ ಇಳಕಲ್ಲಿಗೆ ಹೋಗಿದ್ದ ಅವರು, ಹೇಗೂ ನಡತೆಯ ವಿಚಾರಣೆಗೆ ಅದೇ ಮನೆಗೆ ಹೋಗಬೇಕಲ್ಲ ಎಂದು ರಾಜಮಹ್ಮದನಿಂದ ಬುಟ್ಟಿ ಇಸಿದುಕೊಂಡಿದ್ದರು. ದಾರಿಯಲ್ಲಿ ಒಂದು ಕರಿಗಡಬು ತೆಗೆದು ಪರಿಶೀಲಿಸಿಯೂ ಇದ್ದರು.

"ಅಮಾತೆಪ್ಪನವ್ರ, ನಿಮ್ಮ ಅತ್ತಿ ಕೈ ಅಂದ್ರ ಕೈರಿ!" ಎನ್ನುತ್ತ ಅವರು ಅಂಗಳಕ್ಕೆ ಕಾಲಿಟ್ಟರು. ಕೇಣಿಯ ಪೆಟ್ಟಿಗೆ ಕಿರ್ರನೆ ಕಿರುಚಿತು.

"ಅದು! ನಿಮ್ಮ ಹೆಗಲ ಮೇಲಿದೆ!" ಎಂದರು ಕೇಣಿ.

"ಇದು ಬುತ್ತಿರಿ ಸಾಹೇಬ್ರ."

"ಕೂಗುತ್ತಿದೆ!"

"ಕರಿಗಡಬು ಕೂಗೂದಿಲ್ರಿ. ನಾ ಒಂದು ತಿಂದೇನಿ."

ಬುಟ್ಟಿ ಇಳಿಸಿದರು. ಓಣಿಯೆಲ್ಲ ಸೇರಿತ್ತು. ಹವಾಲ್ದಾರರು ತಾವೇ ಒಂದೊಂದು ಪದರ ತೆಗೆಯತೊಡಗಿದರು: ಕರಿಗಡಬು, ಹೋಳಿಗೆ, ಕರ್ಚಿಕಾಯಿ, ಮಾದಲಿ. "ಅಬ್ಬಬ್ಬಾ!" ಎಂದಳು ಕಾಸಿಂಬಿ ಪ್ರತಿ ಪದರಕ್ಕೂ. ಕೊನೆಯ ರೊಟ್ಟಿ ತೆಗೆದಾಗ ಹಳದಿ ಗುಂಡು ಕಂಡಿತು. ಪೆಟ್ಟಿಗೆ ಇನ್ನೂ ಕಿರುಚುತ್ತಿತ್ತು.

"ಅಯ್ಯ, ಕಾಯಂ ಆಗಾವ್ರಿಗೆ ಕೊಟ್ಟದ್ದು ಇದ ಅಲ್ರಿ?" ಎಂದಳು ಕಾಸಿಂಬಿ.

ಅಮಾತೆಪ್ಪ ಹವಾಲ್ದಾರರಿಗೆ ಕೈ ಮುಗಿದ. "ನಾ ಕದ್ದಿಲ್ರಿ... ಸುಳ್ಳ ಹೇಳಿದ್ದು ಖರೆ... ಆದ್ರ ಕದ್ದಿಲ್ರಿ..."

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಕದಿಯಾಕ ಏನಾಗೇತ್ರಿ? ನಮ್ಮ ತಮ್ಮ ಕೊಟ್ಟದ್ದು. ನಾ ಕಳಸ್ತೇನಿ, ನಮ್ಮವ್ವ ತಿರಗಿ ಕಳಸ್ತಾಳ."

ಕೇಣಿ ಕಿವಿಯ ಬಟ್ಟಲು ತೆಗೆದರು. "ದಿನಾ?"

"ದಿನಾ."

"ಪ್ರತಿದಿನ ತಡವಾಗಿ ಏಕೆ ಕಳಿಸುತ್ತಿದ್ದಿರಿ?"

"ಅಕಿ ಒಂದು ಹೆಚ್ಚ ಕಳಿಸಿದ್ರ ನಾ ಮತ್ತೊಂದು ಹೆಚ್ಚ ಕಳಿಸ್ಬೇಕಲ್ರಿ? ಹೆಚ್ಚ ಮಾಡಾಕ ಹೆಚ್ಚ ಹೊತ್ತು ಹಿಡೀತೈತಿ."

"ಒಂದು ಪದಾರ್ಥಕ್ಕೆ ಎಷ್ಟು ಹೊತ್ತು?" ಕೇಣಿಯ ದನಿ ಕ್ಷೀಣವಾಗಿತ್ತು.

ಗುರುಸಿದ್ದವ್ವ ಲೆಕ್ಕ ಹಾಕಿದಳು. "ಮುಕ್ಕಾಲು ತಾಸು. ಮ್ಯಾಲ ಒಂದು ಐದು ನಿಮಿಷ ಹಿಡೀರಿ."

ಕೇಣಿ ಕಟ್ಟೆಯ ಮೇಲೆ ಕುಳಿತರು. ಅವರಿಗೂ ನೀರು ಕೊಡಬೇಕಾಯಿತು.

ಈ ಹೊತ್ತಿಗೆ ಮುರ್ತುಜಸಾಬರು ಗುಂಡಿನ ಮೇಲಿನ ಬರಹ ಓದಿಸಿಕೊಂಡಿದ್ದರು. ಬಳಿಕ ತಮ್ಮ ಹೆಗಲು ನೋಡಿಕೊಂಡರು. ಸರ್ಕಾರದ ಉಪಕರಣ ಸಿಕ್ಕ ಸ್ಥಳ ಎಂದು ಏನನ್ನು ಬರೆಯಬೇಕು? ಸಾಕ್ಷಿಗೆ ಇಡೀ ಓಣಿ ಇದೆ. ಅವರು ನೋಟ್‌ಬುಕ್ ತೆಗೆದು ಬಹಳ ಹೊತ್ತು ಯೋಚಿಸಿ ಬರೆದರು: ಉಪಕರಣವನ್ನು ಪೊಲೀಸರಿಗೆ ಒಪ್ಪಿಸತಕ್ಕದ್ದು ಎಂದಿದೆ, ಪರಿಶೀಲಿಸಲಾಗಿ ಉಪಕರಣ ಪೊಲೀಸರ ಬಳಿಯೇ ಇತ್ತು, ಅಮಾತೆಪ್ಪನ ನಡತೆ ಉತ್ತಮ.

ಅಮಾತೆಪ್ಪ ಅಂದು ಊಟ ಮಾಡಿದ. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಗುಂಡು ಒಡೆಯದೆ ಸಿಕ್ಕ ಉಪಕಾರಕ್ಕೆ ಕೇಣಿ ಹೊರಡುವ ಮುನ್ನ ಒಂದು ಪ್ರಶಂಸಾಪತ್ರ ಬರೆದುಕೊಟ್ಟಿದ್ದರು: ಶ್ರೀ ಅಮಾತೆಪ್ಪನವರು ಕೇಂದ್ರ ಸರ್ಕಾರದ ಉಪಕರಣವನ್ನು ಒಂಬತ್ತು ದಿನ ಜೋಪಾನ ಮಾಡಿ ಸೇವೆ ಸಲ್ಲಿಸಿದ್ದಾರೆ. ಅಮಾತೆಪ್ಪ ಅದನ್ನು ಪೆಟ್ಟಿಗೆಯಲ್ಲಿ ಇಡಬೇಕಿತ್ತು. ತನ್ನ ಕಾಯಂ ಕಡತಕ್ಕೆ ಲಗತ್ತಿಸಿದ.

ಹೆಡ್ ಕ್ಲಾರ್ಕ್ ಬಸಯ್ಯನವರು ಅದನ್ನು ಮೂರು ಸಲ ಓದಿದರು.

"ಏನೋ ಅಮಾತೆಪ್ಪ, ಒಂಬತ್ತು ದಿವಸ ಕೇಂದ್ರ ಸರಕಾರದ ಸೇವಾದಾಗ ಇದ್ದಿ?"

"ಹೌದ್ರಿ," ಎಂದ ಹೆಮ್ಮೆಯಿಂದ.

"ಹಂಗಾರ ಆ ಒಂಬತ್ತು ದಿವಸ ನಮ್ಮ ಸೇವಾದಾಗ ಇರಲಿಲ್ಲ. ಒಬ್ಬಾಂವ ಎರಡು ಸರಕಾರದಾಗ ಹೆಂಗಿರ್ತಾನ? ನಿನ್ನ ಹನ್ನೊಂದು ವರ್ಷದ ಸೇವಾ ಅಲ್ಲಿಗೆ ಕಡೀತು. ಇನ್ನ ಮೊದಲಿಂದ ಎಣಿಸ್ಬೇಕು."

"ನಾ ದಿನಾ ಇಲ್ಲೇ ಟೈಪ್ ಮಾಡ್ತಿದ್ನೆಲ್ರಿ! ನೀವ ನೋಡೀರಿ!"

"ನಾ ನೋಡಿದ್ದು ಕಡತದಾಗ ಇಲ್ಲ. ಇದು ಐತಿ."

ತಾನು ಯಾವ ಸೇವೆಯನ್ನೂ ಮಾಡಿಲ್ಲವೆಂದು ಬರೆದುಕೊಡಿ ಎಂದು ಡಿಸೆಂಬರ್ ತಿಂಗಳಿಡೀ ಅಮಾತೆಪ್ಪ ಕಾರವಾರಕ್ಕೆ, ಕೇಣಿಗೆ, ಪತ್ರ ಬರೆದ. ನಾಲ್ಕು ಸಾದಾ, ಎರಡು ರಿಜಿಸ್ಟರ್, ಒಂದು ತಂತಿ. 30ಕ್ಕೆ ಉತ್ತರ ಬಂತು. ಸಭೆಯಲ್ಲಿ ಓದಿದ ವರದಿಯನ್ನು ಮೇಲಿನವರು ಹಿಂದಕ್ಕೆ ಪಡೆಯಲು ಒಪ್ಪಿರಲಿಲ್ಲ. ಹಾಗಾಗಿ ಕೇಣಿಗೂ ಇಂಥ ಪತ್ರವೊಂದು ಬೇಕಾಗಿತ್ತು. "ನಮ್ಮ ದಾಖಲೆಯ ಪ್ರಕಾರ ನವೆಂಬರ್ 18ರಿಂದ 26ರವರೆಗೆ ಉಪಕರಣ ಕಾರವಾರದ ಸಮುದ್ರದಲ್ಲಿತ್ತು. ಹುನಗುಂದದಲ್ಲಿ ಯಾರೂ ನಮಗಾಗಿ ಏನೂ ಮಾಡಿರುವುದಿಲ್ಲ."

"ಇದು ಸಾಕು," ಎಂದರು ಬಸಯ್ಯನವರು. "ಇದರ ಸಂಗಾಟ ನೀನೂ ಒಂದು ಬರದು ಕೊಡು. ಆ ಒಂಬತ್ತು ದಿನ ನಾನಾಗಲಿ ನನ್ನ ಮನೆಯವರಾಗಲಿ ಏನೂ ಕೆಲಸ ಮಾಡಿಲ್ಲ ಅಂತ. ನಾಳೆ ಐದೂವರಿಯೊಳಗ."

31ರ ಸಂಜೆ ನಾಲ್ಕಕ್ಕೆ ಅವನು ಚಹಾಕ್ಕೆ ಮನೆಗೆ ಬಂದು, ಟೈಪ್ ಮಾಡಿದ ಹಾಳೆಯನ್ನು ಸಂತೋಷದಿಂದ ಹೆಂಡತಿಗೆ ಓದಿ ಹೇಳಿದ. ಗುರುಸಿದ್ದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮನೆಯವ್ರಂದ್ರ ಯಾರು?"

"ನೀನ."

"ನಾ ಏನೂ ಮಾಡಿಲ್ಲ?"

"ಅದು ಕಾಗದದ ಮಾತ ಬಿಡು..."

"ಒಂಬತ್ತು ದಿವಸ ನಸಿಕಿಲೆ ಎದ್ದು ಒಲಿ ಮುಂದ ಕುಂತಾಕಿ ಯಾರು? ಹೊಗಿಗೆ ಕಣ್ಣು ಉರಕೊಂಡಾಕಿ ಯಾರು? ಹೋಳಿಗಿ ತಾವ ಆದುವೇನು?"

"ಗುರುಸಿದ್ದಾ, ನಾಕು ಹೊಡದೈತಿ, ಐದೂವರಿಗೆ ಸಾಹೇಬ್ರು—"

"ಖರೇದನ್ನ ಬರೀರಿ. ಇಲ್ಲಂದ್ರ ನಾನ ಕಚೇರಿಗೆ ಬಂದು ಹೇಳ್ತೇನಿ."

ಇದು ಬೆದರಿಕೆಯಲ್ಲ, ಮಾಹಿತಿ ಎಂಬುದು ಅಮಾತೆಪ್ಪನಿಗೆ ಗೊತ್ತಿತ್ತು. ಓಡುತ್ತ ಕಚೇರಿಗೆ ಹೋಗಿ ಹಾಳೆಯನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿ, 'ಏನೂ ಕೆಲಸ ಮಾಡಿಲ್ಲ' ಎಂಬುದರ ಮುಂದೆ ಒಂದು ಸಾಲು ಸೇರಿಸಿದ: 'ನನ್ನ ಹೆಂಡತಿ ಮಾಡಿದ ರೊಟ್ಟಿ, ಹೋಳಿಗೆ ಮುಂತಾದವುಗಳ ಹೊರತು.'

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಸಾಹೇಬರು ಓದಿದರು. ಪೆನ್ನು ಆ ಸಾಲಿನ ಮೇಲೆ ನಿಂತಿತು. ಅಮಾತೆಪ್ಪನ ಹನ್ನೊಂದು ವರ್ಷವೂ ಅಲ್ಲೇ ನಿಂತವು.

"ಬಸಯ್ಯನವ್ರ, ಇದು ಸೇವಾದಾಗ ಬರ್ತೈತೇನ್ರಿ?"

ಬಸಯ್ಯನವರು ನಿಯಮದ ಪುಸ್ತಕ ತಿರುವಿ ಹಾಕಿದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. "ಇಲ್ರಿ. ಮನ್ಯಾಗಿನ ಹೆಣ್ಮಕ್ಕಳು ಮಾಡಿದ್ದನ್ನ ಕೆಲಸ ಅಂತ ಎಲ್ಲೂ ಹಿಡದಿಲ್ರಿ."

"ಹಂಗಾರ ಅಡ್ಡಿಲ್ಲ," ಎಂದು ಸಾಹೇಬರು ಸಹಿ ಮಾಡಿದರು.

ಅಮಾತೆಪ್ಪ ಕಾಯಂ ನೌಕರನಾಗಿ ಮನೆಗೆ ಬಂದ. ಗುರುಸಿದ್ದವ್ವ ಬಾಗಿಲಲ್ಲೇ ನಿಂತಿದ್ದಳು.

"ನಂದು ಸಾಲು ಬರದ್ರಿ?"

"ಬರದೆ."

"ಸಾಹೇಬ್ರು ಓದಿದ್ರು?"

"ಓದಿದ್ರು."

"ಏನಂದ್ರು?"

ಅಮಾತೆಪ್ಪ ಚಪ್ಪಲಿ ಬಿಡುವುದರಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಳೆದ.

"ಸಹಿ ಮಾಡಿದ್ರು," ಎಂದ.